ಬೈಕ್ ಟ್ಯಾಂಕಿಗೆ ಚರ್ಮದ ಕವರ್: ಉಬ್ಬು ತಗ್ಗಿನ ಮೇಲೆ ಸುಕ್ಕಿಲ್ಲದಂತೆ ಕೂರುವ ಪ್ಯಾಟರ್ನ್ ತೆಗೆಯುವುದು ಹೇಗೆ?

ತೀರ್ಥಹಳ್ಳಿ ಯೆಜ್ಡಿ

ಎಲ್ಲರಿಗೂ ನಮಸ್ಕಾರ. ಅಪ್ಪನ 1986ರ ಯೆಜ್ಡಿ ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಕೆಲಸ ಮುಗಿಯಿತು, ಟ್ಯಾಂಕಿಗೆ ಹೊಸ ಬಣ್ಣವೂ ಆಯಿತು. ಬೆಲ್ಟಿನ ಬಕಲ್, ಜಾಕೆಟ್ಟಿನ ಜಿಪ್ ತಾಗಿ ಬಣ್ಣಕ್ಕೆ ಗೀರು ಬೀಳಬಾರದು ಅಂತ ಟ್ಯಾಂಕಿಗೆ ಚರ್ಮದ ಕವರ್ ಹೊಲಿಯಲು ಹೊರಟಿದ್ದೇನೆ. ಅಂಟಿಸುವುದಲ್ಲ, ಬೇಕಾದಾಗ ಬಿಚ್ಚಿಡುವಂಥದ್ದು. ಮುಂದೆ ಹ್ಯಾಂಡಲ್ ಹತ್ತಿರ ಒಂದು ಪಟ್ಟಿ, ಹಿಂದೆ ಸೀಟಿನ ಅಡಿಗೆ ಹೋಗುವ ಒಂದು ನಾಲಿಗೆ.

ಮೊದಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಎಲ್ಲ ಬೈಕಿಗೂ ಒಂದೇ ಅಚ್ಚು ಇಟ್ಟುಕೊಂಡಿದ್ದರು, ಕೂರಲೇ ಇಲ್ಲ. ಆಮೇಲೆ ನಾನೇ ಟೇಪ್ ಹಿಡಿದು ಉದ್ದ, ಅಗಲ, ಟ್ಯಾಂಕಿನ ಮುಂತುದಿಯ ಮೂತಿಯ ಸುತ್ತಳತೆ ಎಲ್ಲ ಬರೆದುಕೊಂಡು ಪೇಪರ್ ಮೇಲೆ ಗೆರೆ ಎಳೆದು ಕತ್ತರಿಸಿದೆ. 1.2 ಮಿ.ಮೀ. ದಪ್ಪದ ಕ್ರೋಮ್ ಚರ್ಮ (ಕ್ರೋಮ್ ಲವಣದಿಂದ ಹದ ಮಾಡಿದ್ದು), ಒಳಗೆ 2 ಮಿ.ಮೀ. ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ಮೆತ್ತನೆ ಬಟ್ಟೆ). ಹೊಲಿದು ಹೊದಿಸಿದರೆ ಮೂತಿಯ ಎರಡೂ ಕಡೆ ಸುಕ್ಕು. ಮಂಡಿ ತಾಗುವ ತಗ್ಗಿನಲ್ಲಿ ಚರ್ಮ ಟ್ಯಾಂಕಿಗೆ ತಾಗದೆ ಡೇರೆಯ ಹಾಗೆ ನಿಂತಿದೆ. ಅಡ್ಡಕ್ಕೆ ಬಿಗಿ. ಪೆಟ್ರೋಲ್ ಮುಚ್ಚಳದ ತೂತು 1 ಸೆಂ.ಮೀ. ಪಕ್ಕಕ್ಕೆ ಸರಿದಿದೆ. ಎರಡು ಭಾನುವಾರ ಮತ್ತು ಒಂದು ಒಳ್ಳೆಯ ಚರ್ಮ ಹೋಯಿತು. ಇನ್ನೊಂದು ತುಂಡು ಉಳಿದಿದೆ. ಅದನ್ನು ಕತ್ತರಿಸುವ ಮೊದಲು ಸರಿಯಾಗಿ ಕಲಿಯಬೇಕು. ದಯವಿಟ್ಟು ತಿಳಿದವರು ಹೇಳಿ.

ಆಟೋ ಕಾಂಪ್ಲೆಕ್ಸ್ ಹುಡುಗ

ಅಣ್ಣ, ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸೀಟಿಗೆ ನಾವು ಮಾಡುವುದೇ ಹೀಗೆ. ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಬಿಸಿ ಗಾಳಿ ಕೊಟ್ಟು ಎಳೆದು ಕೂರಿಸಿ. ಸುಕ್ಕು ಹೋಗುತ್ತದೆ.

ರಂಪಿಗೆ

ತಮ್ಮ, ನೀನು ಹೇಳುತ್ತಿರುವುದು ರೆಕ್ಸಿನ್ ಲೆಕ್ಕ. ರೆಕ್ಸಿನ್ನಿನ ಮೇಲಿರುವುದು ಪ್ಲಾಸ್ಟಿಕ್. ಬಿಸಿಗೆ ಮೆತ್ತಗಾಗಿ ಎಳೆದಲ್ಲಿ ಹೋಗುತ್ತದೆ, ತಣ್ಣಗಾದಾಗ ಅಲ್ಲೇ ನಿಲ್ಲುತ್ತದೆ. ಚರ್ಮ ಹಾಗಲ್ಲ. ಜಾಸ್ತಿ ಬಿಸಿ ಕೊಟ್ಟರೆ ಒಣಗಿ ಬಿರುಸಾಗುತ್ತದೆ. ಸೀಟಿನ ಅಡಿಯಲ್ಲಿ ಹಲಗೆ ಇರುತ್ತದೆ, ಎಳೆದು ಪಿನ್ ಹೊಡೆಯಬಹುದು. ಬಿಚ್ಚಿಡುವ ಟ್ಯಾಂಕ್ ಕವರಿಗೆ ಎಲ್ಲಿ ಪಿನ್ ಹೊಡೆಯುತ್ತೀಯ? ಪ್ಯಾಟರ್ನೇ ಸರಿ ಇರಬೇಕು.

ಯೆಜ್ಡಿಯವರೇ, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಚಪ್ಪಲಿ, ಬೂಟು ಮಾಡುವ ಕೆಲಸ. ಬೂಟಿನ ಮರದಚ್ಚಿಗಿಂತ ಉಬ್ಬು ತಗ್ಗಿನ ವಸ್ತು ಇನ್ನೊಂದಿಲ್ಲ. ಅದಕ್ಕೆ ಯಾರೂ ಟೇಪಿನಲ್ಲಿ ಅಳೆದು ಪೇಪರ್ ಮೇಲೆ ಬರೆಯುವುದಿಲ್ಲ. ಅಚ್ಚಿನ ಮೈಗೇ ಅಂಟಿಸಿ ಬಿಡಿಸುತ್ತೇವೆ. ನೀವೂ ಹಾಗೇ ಮಾಡಿ.

ಮೊದಲು ಟ್ಯಾಂಕಿಗೆ ಅಡುಗೆಮನೆಯಲ್ಲಿ ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ. ಹೊಸ ಬಣ್ಣಕ್ಕೆ ಅಂಟು ತಾಗಬಾರದು. ಅದರ ಮೇಲೆ ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪ್. ಉದ್ದುದ್ದ ಎಳೆಯಬೇಡಿ. ಬೆರಳುದ್ದದ ಚೂರುಗಳನ್ನು ಹರಿದು, ಒಂದರ ಮೇಲೆ ಒಂದು ಅರ್ಧ ಬರುವ ಹಾಗೆ ಅಂಟಿಸಿ. ಒಂದು ಪದರ ಉದ್ದಕ್ಕೆ, ಮೇಲಿನ ಪದರ ಅಡ್ಡಕ್ಕೆ. ತಗ್ಗಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ. ಉದ್ದ ಟೇಪ್ ಎಳೆದರೆ ತಗ್ಗಿನ ಮೇಲೆ ಸೇತುವೆ ಕಟ್ಟಿದ ಹಾಗೆ ನಿಲ್ಲುತ್ತದೆ, ಅದೇ ತಪ್ಪು ಚರ್ಮಕ್ಕೂ ಬರುತ್ತದೆ. ನಿಮ್ಮ ಡೇರೆ ಹುಟ್ಟಿದ್ದು ಅಲ್ಲೇ.

ಆಮೇಲೆ ಪೆನ್ನು ತಗೊಳ್ಳಿ. ನಡುಗೆರೆ ಹಾಕಿ. ಮುಂದಿನಿಂದ ಹಿಂದಕ್ಕೆ ದಾರ ಬಿಗಿದು ಹಿಡಿದರೆ ನೇರ ಬರುತ್ತದೆ. ಹೊಲಿಗೆ ಬರುವ ಗೆರೆಗಳನ್ನು ಟೇಪಿನ ಮೇಲೇ ಬರೆಯಿರಿ. ಆ ಗೆರೆಗಳಿಗೆ ಅಡ್ಡವಾಗಿ ಎರಡು ಮೂರು ಸೆಂ.ಮೀ.ಗೊಂದು ಕಚ್ಚು ಗುರುತು ಹಾಕಿ. ಹೊಲಿಯುವಾಗ ಗುರುತಿಗೆ ಗುರುತು ಸೇರಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕೊನೆಗೆ ಬ್ಲೇಡಿನಿಂದ ಗೆರೆ ಹಿಡಿದು ಹಗುರವಾಗಿ ಕತ್ತರಿಸಿ. ಅಡಿಯಲ್ಲಿ ಹೊಸ ಬಣ್ಣ ಇದೆ ಅನ್ನುವುದು ನೆನಪಿರಲಿ. ಕತ್ತರಿ ಆಡುವ ಕಡೆ ಕತ್ತರಿಯೇ ಒಳ್ಳೆಯದು.

ತೀರ್ಥಹಳ್ಳಿ ಯೆಜ್ಡಿ

ಅಣ್ಣ, ತುಂಬ ಉಪಕಾರ. ಆದರೆ ಹೊಲಿಗೆ ಗೆರೆ ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದು ಹೇಗೆ? ನಾನು ಒಂದೇ ತುಂಡಿನಲ್ಲಿ ಮಾಡುವ ಆಸೆ ಇಟ್ಟುಕೊಂಡಿದ್ದೆ.

ಹೊಸನಗರದ ಮೇಷ್ಟ್ರು

ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರ ಇದೆ. ಪೇಪರನ್ನು ಉರುಳೆಗೆ ಸುತ್ತಬಹುದು, ಪೊಟ್ಟಣದ ಹಾಗೆ ಸುತ್ತಬಹುದು. ಸುಕ್ಕು ಬರುವುದಿಲ್ಲ. ಚೆಂಡಿಗೆ ಸುತ್ತಲು ಆಗುವುದೇ ಇಲ್ಲ. ಗಾಸ್ ಅನ್ನುವ ಜರ್ಮನ್ ಗಣಿತಜ್ಞ 1827ರಲ್ಲೇ ಇದನ್ನು ಸಾಧಿಸಿ ತೋರಿಸಿದ. ಒಂದು ಮೈ ಎರಡು ದಿಕ್ಕಿಗೂ ಬಾಗಿದ್ದರೆ ಅದನ್ನು ಎಳೆಯದೆ, ಕತ್ತರಿಸದೆ ಮಟ್ಟಸ ಮಾಡಲು ಸಾಧ್ಯವಿಲ್ಲ.

ಮನೆಯಲ್ಲೇ ನೋಡಬಹುದು. ಕಂಚಿಕಾಯಿ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ. ಅಂಚು ಅಲ್ಲಲ್ಲಿ ಸೀಳುತ್ತದೆ. ಉಬ್ಬಿನ ಲಕ್ಷಣ ಅದು: ಅಂಚಿನಲ್ಲಿ ಸಾಕಷ್ಟು ಉದ್ದ ಇರುವುದಿಲ್ಲ. ಆದ್ದರಿಂದಲೇ ಮಟ್ಟಸವಾದ ಚರ್ಮವನ್ನು ಉಬ್ಬಿನ ಮೇಲೆ ಹೊದಿಸಿದರೆ ಅಂಚಿನಲ್ಲಿ ಜಾಸ್ತಿಯಾಗಿ ಸುಕ್ಕು ಬರುತ್ತದೆ. ಈಗ ಕರಿದ ಹಲಸಿನ ಹಪ್ಪಳ ನೋಡಿ. ಅಂಚು ಅಲೆ ಅಲೆಯಾಗಿರುತ್ತದೆ. ಅಲ್ಲಿ ಉಲ್ಟಾ, ಅಂಚಿನಲ್ಲೇ ಉದ್ದ ಜಾಸ್ತಿ. ಕುದುರೆಯ ಜೀನು, ನಿಮ್ಮ ಮಂಡಿ ತಾಗುವ ಜಾಗದ ಮೇಲಂಚು ಈ ಜಾತಿಯವು. ಅಲ್ಲಿ ಮಟ್ಟಸ ಚರ್ಮಕ್ಕೆ ಉದ್ದ ಸಾಲದೆ ಬಿಗಿ ಹಿಡಿಯುತ್ತದೆ.

ನಿಮ್ಮ ಟೇಪಿನ ಚಿಪ್ಪನ್ನು ಬಿಡಿಸಿ ಮೇಜಿನ ಮೇಲೆ ಇಡಿ. ಎಲ್ಲಿ ಅದು ತಾನಾಗಿ ಮಲಗುವುದಿಲ್ಲವೋ ಅಲ್ಲಿ ಹೊಲಿಗೆ ಬೇಕು. ಟ್ಯಾಂಕೇ ಹೇಳುತ್ತದೆ, ನಾವು ಊಹಿಸಬೇಕಾಗಿಲ್ಲ.

ಸಾಗರದ ಟೈಲರಕ್ಕ

ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ನಾವು ಬ್ಲೌಸಿಗೆ ಟಕ್ಸ್ ಹಿಡಿಯುವುದು ಇದೇ ಕಾರಣಕ್ಕೆ. ಬಟ್ಟೆ ಮಟ್ಟಸ, ಮೈ ಮಟ್ಟಸ ಅಲ್ಲ. ಜಾಸ್ತಿಯಾದ ಬಟ್ಟೆಯನ್ನು ಒಂದು ಮೂಲೆಗೆ ತಂದು ಮಡಚಿ ಹೊಲಿದರೆ ಅದೇ ಟಕ್ಸ್. ಮುತ್ತುಗದ ಎಲೆಯ ದೊನ್ನೆಯಲ್ಲೂ ಅದೇ ಅಲ್ವಾ? ಎಲೆಯನ್ನು ಮಡಚಿ ಕಡ್ಡಿ ಚುಚ್ಚಿದ ಜಾಗವೇ ಟಕ್ಸ್.

ಯೆಜ್ಡಿಯವರೇ, ಒಂದೇ ತುಂಡಿನ ಆಸೆ ಬಿಡಿ. ಪ್ರಿನ್ಸೆಸ್ ಕಟ್ ಬ್ಲೌಸಿನಲ್ಲಿ ಟಕ್ಸನ್ನೆಲ್ಲ ಒಂದು ಉದ್ದ ಹೊಲಿಗೆಯೊಳಗೆ ಮುಚ್ಚಿಬಿಡುತ್ತೇವೆ. ಹಾಗೆ ಟ್ಯಾಂಕಿಗೆ ನಡುವೆ ಒಂದು ಪಟ್ಟಿ, ಪಕ್ಕಕ್ಕೆ ಎರಡು ತುಂಡು. ಮೇಲಿನ ಮೈ ಪಕ್ಕಕ್ಕೆ ತಿರುಗುವ ಭುಜ ಇದೆಯಲ್ಲ, ಅಲ್ಲಿ ಹೊಲಿಗೆ ಹೋಗಲಿ. ಅಲ್ಲಿ ಪೈಪಿಂಗ್, ಅಂದರೆ ಹೊಲಿಗೆಯ ನಡುವೆ ಸೇರಿಸುವ ದಾರದಂಥ ಉಬ್ಬು ಅಂಚು, ಕೊಟ್ಟರೆ ನೋಡಲೂ ಚೆಂದ. ಸಣ್ಣ ಪುಟ್ಟ ತಪ್ಪೂ ಮುಚ್ಚುತ್ತದೆ.

ರಂಪಿಗೆ

ಅಕ್ಕ ಹೇಳಿದ್ದು ಸರಿ. ಪೈಪಿಂಗ್ ಬಗ್ಗೆ ಮಾತ್ರ ಒಂದು ಮಾತು. ತಪ್ಪು ಮುಚ್ಚಲು ಅಂತ ಅದನ್ನು ಹಾಕಬಾರದು. ಹೊಲಿಗೆ ಗೆರೆ ಅಡ್ಡಾದಿಡ್ಡಿ ಇದ್ದರೆ ಪೈಪಿಂಗ್ ಅದನ್ನು ಇನ್ನೂ ಎತ್ತಿ ತೋರಿಸುತ್ತದೆ.

ಸಾಗರದ ಟೈಲರಕ್ಕ

ಗೆರೆ ಅಡ್ಡಾದಿಡ್ಡಿ ಹೋದರೆ ಹೌದು, ಒಪ್ಪುತ್ತೇನೆ ಅಣ್ಣ. ನಾನು ಹೇಳಿದ್ದು ಎರಡು ತುಂಡಿನ ಮಟ್ಟದಲ್ಲಿ ಒಂದು ನೂಲು ಹೆಚ್ಚುಕಮ್ಮಿ ಆದರೆ ಅಂತ.

ಮಂಡಗದ್ದೆ ಹಕ್ಕಿ

ಈ ಕಾಲದಲ್ಲಿ ಟೇಪ್ ಯಾಕೆ? ಮೊಬೈಲಿನಲ್ಲಿ ಸುತ್ತ ಫೋಟೋ ತೆಗೆದು 3ಡಿ ಮಾದರಿ ಮಾಡಬಹುದು. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಮಾದರಿಯನ್ನು ಪೇಪರ್ ಮಾಡೆಲ್ ಆಗಿ ಬಿಡಿಸುವ ಆ್ಯಡ್‌ಆನ್ ಇದೆ. ಹೊಲಿಗೆ ಗೆರೆ ಗುರುತು ಮಾಡಿದರೆ ಸಾಕು, ಬಿಡಿಸಿ ಕೊಡುತ್ತದೆ. ಎಡ ಬಲ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಸಮ ಬರುತ್ತದೆ. ನಾನು ಕಾಲೇಜು ಪ್ರಾಜೆಕ್ಟಿಗೆ ಹೆಲ್ಮೆಟ್ ಕವರ್ ಹೀಗೆ ಮಾಡಿದ್ದೆ.

ಆಟೋ ಕಾಂಪ್ಲೆಕ್ಸ್ ಹುಡುಗ

ಹೊಸ ಬಣ್ಣದ ಟ್ಯಾಂಕ್ ಕನ್ನಡಿ ಹಾಗೆ ಹೊಳೆಯುತ್ತದೆ. ಫೋಟೋದಲ್ಲಿ ಟ್ಯಾಂಕ್ ಬರುತ್ತದೋ, ಎದುರು ಮನೆ ಬರುತ್ತದೋ?

ಮಂಡಗದ್ದೆ ಹಕ್ಕಿ

ಅದು ನಿಜ, ಹೊಳೆಯುವ ಮೈ ಸರಿಯಾಗಿ ಸ್ಕ್ಯಾನ್ ಆಗುವುದಿಲ್ಲ. ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಪೆನ್ನಿನಿಂದ ಗುರುತು ಮಾಡಿದರೆ ಆಗುತ್ತದೆ. ಅಳತೆ ಸರಿಮಾಡಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಬೇಕು.

ಕೊಪ್ಪದವ

ಹೇಗಿದ್ದರೂ ಟೇಪ್ ಅಂಟಿಸಬೇಕಾದರೆ ಅದನ್ನೇ ಬಿಡಿಸಿಕೊಂಡರೆ ಆಯಿತಲ್ಲ ಮಾರಾಯ್ರೇ.

ರಂಪಿಗೆ

ಹುಡುಗ ಹೇಳಿದ್ದನ್ನು ತಳ್ಳಿಹಾಕಬೇಡಿ. ಒಂದೇ ಥರದ ನೂರು ಕವರ್ ಮಾಡುವವನಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಂಪ್ಯೂಟರಿನ ಪೇಪರ್ ಮಾಡೆಲ್ ಪೇಪರಿಗೆ ಮಾತ್ರ ಸರಿ. ಪೇಪರ್ ಹಿಗ್ಗುವುದಿಲ್ಲ, ಚರ್ಮ ಹಿಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಬೆನ್ನಿನ ಉದ್ದಕ್ಕೆ ಕಡಿಮೆ ಹಿಗ್ಗುತ್ತದೆ. ಹೊಟ್ಟೆ ಭಾಗ ಜೋಲು, ಎಳೆದರೆ ಎಳೆದಷ್ಟು ಬರುತ್ತದೆ. ಟ್ಯಾಂಕ್ ಕವರಿನ ಪಟ್ಟಿ ಎಳೆಯುವುದು ಮುಂದಕ್ಕೂ ಹಿಂದಕ್ಕೂ. ಆ ದಿಕ್ಕಿಗೆ ಬೆನ್ನಿನ ಉದ್ದ ಬರಲಿ. ಎಡ ಬಲದ ತುಂಡುಗಳನ್ನು ಬೆನ್ನಿನ ಗೆರೆಯ ಆಚೆ ಈಚೆ ಜೋಡಿಯಾಗಿ ಕತ್ತರಿಸಿ. ಒಂದನ್ನು ಬೆನ್ನಿನಲ್ಲಿ, ಒಂದನ್ನು ಹೊಟ್ಟೆಯಲ್ಲಿ ತೆಗೆದರೆ ಒಂದು ವರ್ಷದಲ್ಲಿ ಒಂದು ಕಡೆ ಜೋತು ಬೀಳುತ್ತದೆ.

ಇನ್ನೊಂದು. ಟೇಪ್ ಚಿಪ್ಪನ್ನು ಮಟ್ಟಸ ಮಾಡಲು ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಕಚ್ಚು ಕೊಡುತ್ತೀರಲ್ಲ, ಅದು ಬಾಯಿ ತೆರೆದ ಅಗಲ ನೋಡಿ. ಎರಡು ಮೂರು ಮಿ.ಮೀ. ಒಳಗಿದ್ದರೆ ಬಿಟ್ಟುಬಿಡಿ, ಮೆತ್ತನೆಯ ಚರ್ಮ ಅದನ್ನು ನುಂಗುತ್ತದೆ. ಅದಕ್ಕಿಂತ ಜಾಸ್ತಿ ತೆರೆದರೆ ಅಕ್ಕನ ಟಕ್ಸ್ ಬೇಕು, ಇಲ್ಲ ಹೊಲಿಗೆಯ ಜಾಗ ಬದಲಿಸಬೇಕು.

ಭದ್ರಾವತಿ ಸ್ಕ್ವೇರ್ ಕಟ್

ಚೆಂಡಿನ ಮಾತು ಬಂತಲ್ಲ. ಕ್ರಿಕೆಟ್ ಚೆಂಡಿಗೆ ಸುಕ್ಕಿಲ್ಲದೆ ಚರ್ಮ ಕೂರುತ್ತದಲ್ಲ, ಅದು ಹೇಗೆ?

ರಂಪಿಗೆ

ಒಳ್ಳೆಯ ಚೆಂಡಿಗೆ ನಾಲ್ಕು ತುಂಡು. ಎರಡೆರಡು ಸೇರಿಸಿ ಒಂದೊಂದು ಅರ್ಧ. ಆ ಅರ್ಧವನ್ನು ಬಟ್ಟಲಿನಂಥ ಅಚ್ಚಿನಲ್ಲಿ ಒತ್ತುತ್ತಾರೆ. ಕತ್ತರಿಸುವುದರಿಂದ ಅರ್ಧ ಕೆಲಸ, ಒತ್ತುವುದರಿಂದ ಉಳಿದರ್ಧ. ಅಗ್ಗದ ಚೆಂಡಿಗೆ ಎರಡೇ ತುಂಡು, ಪೂರ್ತಿ ಒತ್ತುವುದರ ಮೇಲೇ ನಿಂತಿದೆ.

ಭದ್ರಾವತಿ ಸ್ಕ್ವೇರ್ ಕಟ್

ಅಂಥ ಚೆಂಡನ್ನು ನಮ್ಮ ಊರಿನ ವಿಶ್ವನಾಥ್ ಸ್ಕ್ವೇರ್ ಕಟ್ ಮಾಡುತ್ತಿದ್ದುದನ್ನು ನೋಡಿದವರು ಪುಣ್ಯವಂತರು. 1970ರಲ್ಲಿ ಮೊದಲ ಟೆಸ್ಟಿನಲ್ಲೇ ಶತಕ.

ಹೊಸನಗರದ ಮೇಷ್ಟ್ರು

1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ನಾವು ರೇಡಿಯೋ ಮುಂದೆ ಕೂತಿದ್ದೆವು.

ಕೊಪ್ಪದವ

ಟ್ಯಾಂಕಿಗೆ ಬನ್ನಿ. ಯಾರೂ ಮುಖ್ಯ ವಿಷಯ ಹೇಳಲಿಲ್ಲ. ನಮ್ಮ ಕಡೆಯ ಮಳೆಗೆ ಕಬ್ಬಿಣದ ಟ್ಯಾಂಕಿನ ಮೇಲೆ ಚರ್ಮ, ಅದರಡಿ ಫೆಲ್ಟ್! ನೀರು ಕುಡಿದು ಕೂತರೆ ಒಳಗೊಳಗೇ ಬಣ್ಣ ಗುಳ್ಳೆ ಎದ್ದು ತುಕ್ಕು ಹಿಡಿಯುತ್ತದೆ. ನನ್ನ ಚಿಕ್ಕಪ್ಪನ ಗಾಡಿಯಲ್ಲಿ ಕವರ್ ತೆಗೆದಾಗ ಅಂಗೈ ಅಗಲ ಬಣ್ಣವೇ ಅದರ ಜೊತೆ ಬಂತು. ಬಣ್ಣ ಉಳಿಸಲು ಹಾಕಿದ ಕವರೇ ಬಣ್ಣ ತಿಂದಿತು. ಹಾಕಲೇಬೇಡಿ ಅನ್ನುತ್ತೇನೆ.

ಆಗುಂಬೆ ಮಳೆ

ಒಪ್ಪುತ್ತೇನೆ. ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುವ ಮಳೆ ನಮ್ಮದು. ಜೂನ್ ಬಂತೆಂದರೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ಚಪ್ಪಲಿ ಒಂದು ವಾರ ಹಾಕದಿದ್ದರೆ ಬೆಳ್ಳಗಾಗುತ್ತದೆ.

ತೀರ್ಥಹಳ್ಳಿ ಯೆಜ್ಡಿ

ಬಿಚ್ಚಿಡುವ ಹಾಗೆ ಮಾಡುತ್ತಿರುವುದು ಅದಕ್ಕೇ ಅಣ್ಣ. ಮಳೆಗಾಲದಲ್ಲಿ ಗಾಡಿಯನ್ನೇ ತೆಗೆಯುವುದಿಲ್ಲ. ಕವರ್ ಬೇಸಗೆಗೆ ಮಾತ್ರ.

ಕೊಪ್ಪದವ

ಹಾಗಾದರೆ ಸರಿ. ಆದರೆ ಅಕಾಲದ ಮಳೆ ಹೇಳಿ ಕೇಳಿ ಬರುವುದಿಲ್ಲ. ಒದ್ದೆಯಾದ ದಿನವೇ ಬಿಚ್ಚಿ ನೆರಳಿನಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ. ಹಳೆಯ ಪಂಚೆಯಲ್ಲಿ ಸುತ್ತಿ, ಗಾಳಿ ಆಡುವ ಕಡೆ ಇಡಿ.

ಮದ್ದಳೆ ಪೆಟ್ಟು

ಚೆಂಡೆ, ಮದ್ದಳೆಗೆ ಚರ್ಮ ನೆನೆಸಿ, ಎಳೆದು ಕಟ್ಟುತ್ತೇವೆ. ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಟ್ಯಾಂಕಿಗೂ ನೆನೆಸಿ ಕಟ್ಟಿ ಒಣಗಿಸಿದರೆ ಹೊಲಿಗೆಯೇ ಬೇಡ ಅಲ್ವಾ?

ರಂಪಿಗೆ

ಅದು ಹದ ಮಾಡದ ತೊಗಲು, ಅದರ ಗುಣವೇ ಬೇರೆ. ಆದರೆ ನಿಮ್ಮ ಯೋಚನೆ ತಪ್ಪಲ್ಲ. ತಂಗಡಿ ಚಕ್ಕೆ, ಅಳಲೆಕಾಯಿಯಂಥ ಗಿಡದ ಒಗರಿನಿಂದ ಹದ ಮಾಡಿದ ಚರ್ಮವನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಅಚ್ಚಿನ ಮೇಲೆ ಒತ್ತಿದರೆ ಆಕಾರ ಹಿಡಿದು ಗಟ್ಟಿಯಾಗುತ್ತದೆ. ಕತ್ತಿಯ ಒರೆ, ಚಾಕುವಿನ ಒರೆ ಮಾಡುವುದು ಹಾಗೆ. ಯೆಜ್ಡಿಯವರ ಹತ್ತಿರ ಇರುವುದು ಕ್ರೋಮ್ ಚರ್ಮ. ಒಣಗಿದ ಮೇಲೆ ಅದು ಆಕಾರ ಹಿಡಿದು ನಿಲ್ಲುವುದಿಲ್ಲ. ಅದಕ್ಕೆ ಪ್ಯಾಟರ್ನೇ ಗತಿ.

ಹೊಸನಗರದ ಮೇಷ್ಟ್ರು

ಅಳಲೆಕಾಯಿ ಅಂದಾಗ ನೆನಪಾಯಿತು. ಹಿಂದೆ ಅಳಲೆಕಾಯಿ, ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿಯಲ್ಲಿರುವುದು ಕಬ್ಬಿಣ. ಒಗರು ಮತ್ತು ಕಬ್ಬಿಣ ಒದ್ದೆಯಲ್ಲಿ ಸೇರಿದರೆ ಕಪ್ಪು. ಅಂದಮೇಲೆ ಗಿಡದೊಗರಿನ ಚರ್ಮವನ್ನು ಒದ್ದೆಯಾಗಿ ಕಬ್ಬಿಣದ ಮೇಲಿಟ್ಟರೂ ಕಲೆ ಬೀಳಬೇಕಲ್ಲ?

ರಂಪಿಗೆ

ಬೀಳುತ್ತದೆ ಮೇಷ್ಟ್ರೇ. ಕಬ್ಬಿಣದ ಪುಡಿ ಬಿದ್ದ ಮೇಜಿನ ಮೇಲೆ ಒದ್ದೆ ಚರ್ಮ ಇಟ್ಟು ಎದ್ದರೆ ಬೆಳಿಗ್ಗೆ ಕಪ್ಪು ಚುಕ್ಕೆ. ನಡುವೆ ಪ್ಲಾಸ್ಟಿಕ್ ಇರಲೇಬೇಕು.

ಆಗುಂಬೆ ಮಳೆ

ಒದ್ದೆ ಚರ್ಮದ ಮಾತು ಬಂತಲ್ಲ, ನನ್ನ ಅನುಭವವೂ ಕೇಳಿ. ಅಡಿಕೆ ಕೊಯ್ಲಿನ ಕತ್ತಿಗೆ ಒರೆ ಮಾಡಲು ಚರ್ಮ ನೆನೆಸಿ ಕತ್ತಿಯ ಆಕಾರಕ್ಕೆ ಕಟ್ಟಿದ್ದೆ. ಮಳೆಗಾಲ, ಮೂರು ದಿನವಾದರೂ ಒಣಗಲಿಲ್ಲ. ಬಚ್ಚಲ ಒಲೆಯ ಪಕ್ಕದಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಮುದುಡಿ ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿ! ಕತ್ತಿ ಒಳಗೆ ಹೋಗಲೇ ಇಲ್ಲ. ಎಷ್ಟು ಬೇಸರವಾಯಿತೆಂದರೆ ಆಮೇಲೆ ಎರಡು ವರ್ಷ ಚರ್ಮ ಮುಟ್ಟಲಿಲ್ಲ.

ರಂಪಿಗೆ

ಒದ್ದೆ ಚರ್ಮಕ್ಕೆ ಬೆಂಕಿ ಆಗದು. ಒಣಗಿದಾಗ ತಡೆಯುವ ಬಿಸಿಯನ್ನು ಒದ್ದೆಯಿದ್ದಾಗ ತಡೆಯುವುದಿಲ್ಲ. ಫ್ಯಾನ್ ಗಾಳಿ ಸಾಕು. ತಾಳ್ಮೆ ಬೇಕು.

ಸಾಗರದ ಟೈಲರಕ್ಕ

ಯೆಜ್ಡಿಯವರು ಅಡ್ಡಕ್ಕೆ ಬಿಗಿ ಅಂದಿದ್ದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಫೆಲ್ಟಿನ ದಪ್ಪ ಲೆಕ್ಕ ಹಾಕಿದ್ದೀರಾ? ನಾವು ಸ್ವೆಟರ್ ಮೇಲೆ ಹಾಕುವ ಕೋಟಿಗೆ ಸಡಿಲ ಜಾಸ್ತಿ ಬಿಡುತ್ತೇವೆ.

ತೀರ್ಥಹಳ್ಳಿ ಯೆಜ್ಡಿ

ಇಲ್ಲ ಅಕ್ಕ! 2 ಮಿ.ಮೀ. ಏನು ಮಹಾ ಅಂತ ಬಿಟ್ಟೆ.

ಹೊಸನಗರದ ಮೇಷ್ಟ್ರು

ಲೆಕ್ಕ ಹಾಕೋಣ. 7 ಸೆಂ.ಮೀ. ಅಗಲದ ದುಂಡು ಬಾಟಲಿಗೆ ಪೇಪರ್ ಸುತ್ತಿದರೆ 22 ಸೆಂ.ಮೀ. ಬೇಕು. ಅದೇ ಬಾಟಲಿಗೆ 2 ಮಿ.ಮೀ. ದಪ್ಪದ ಚರ್ಮ ಸುತ್ತಿದರೆ 22.6 ಬೇಕು. ಚರ್ಮದ ದಪ್ಪದ ನಡುಮಧ್ಯ ಎಲ್ಲಿದೆಯೋ ಅಲ್ಲಿಯ ಸುತ್ತಳತೆಯನ್ನು ಹಿಡಿಯಬೇಕು. ಬರೀ 2 ಮಿ.ಮೀ. ದಪ್ಪಕ್ಕೆ 6 ಮಿ.ಮೀ. ವ್ಯತ್ಯಾಸ.

ಟ್ಯಾಂಕಿನಲ್ಲಿ ಒಂದು ಪಕ್ಕದಿಂದ ಮೇಲೆ ಹತ್ತಿ ಇನ್ನೊಂದು ಪಕ್ಕಕ್ಕೆ ಇಳಿದರೆ ಅರ್ಧ ಸುತ್ತು. ನಿಮ್ಮ ಫೆಲ್ಟ್ 2, ಚರ್ಮದ ಅರ್ಧ ದಪ್ಪ 0.6. ಒಟ್ಟು 2.6. ಅರ್ಧ ಸುತ್ತಿಗೆ ಅದನ್ನು 3.14ರಿಂದ ಗುಣಿಸಿದರೆ 8 ಮಿ.ಮೀ. ದಾಟುತ್ತದೆ. ಟ್ಯಾಂಕ್ ದೊಡ್ಡದಿರಲಿ ಚಿಕ್ಕದಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಎಷ್ಟು ತಿರುಗುತ್ತದೆ ಅನ್ನುವುದಷ್ಟೇ ಮುಖ್ಯ. ಅಷ್ಟು ಅಗಲ ನಿಮ್ಮ ಕವರಿನಲ್ಲಿ ಕಡಿಮೆ ಇತ್ತು.

ತೀರ್ಥಹಳ್ಳಿ ಯೆಜ್ಡಿ

ಮೇಷ್ಟ್ರೇ, ಈಗ ಅಳೆದು ನೋಡಿದೆ. ಎರಡೂ ಕಡೆ ಅಂಚು ಗೆರೆಗಿಂತ ಹತ್ತಿರ ಹತ್ತಿರ 4 ಮಿ.ಮೀ. ಮೇಲೆ ನಿಂತಿದೆ!

ರಂಪಿಗೆ

ಲೆಕ್ಕ ಬೇಡದ ದಾರಿ ಒಂದಿದೆ. ಮೊದಲು ಫೆಲ್ಟನ್ನು ಟ್ಯಾಂಕಿಗೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಟೇಪ್. ಆಗ ಫೆಲ್ಟಿನ ದಪ್ಪ ತಾನಾಗಿ ಸೇರುತ್ತದೆ. ಉಳಿಯುವುದು ಚರ್ಮದ ಅರ್ಧ ದಪ್ಪ ಮಾತ್ರ, ಅದು ಎರಡು ಮಿ.ಮೀ. ಒಳಗೆ. ಅಷ್ಟನ್ನು ಚರ್ಮ ಹಿಗ್ಗಿ ತುಂಬಿಕೊಳ್ಳುತ್ತದೆ.

ಮಂಡಗದ್ದೆ ಹಕ್ಕಿ

ಆನ್‌ಲೈನಿನಲ್ಲಿ ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹಾಕಿರುತ್ತಾರೆ. ಅದು ತೂಕವೋ ದಪ್ಪವೋ?

ರಂಪಿಗೆ

ದಪ್ಪಕ್ಕೇ ಹೇಳುವುದು. 1 ಔನ್ಸ್ ಅಂದರೆ ಸುಮಾರು 0.4 ಮಿ.ಮೀ. 3 ಔನ್ಸ್ ಚರ್ಮ ಅಂದರೆ 1.2.

ಆಟೋ ಕಾಂಪ್ಲೆಕ್ಸ್ ಹುಡುಗ

ಒಂದು ಸಂದೇಹ ಅಣ್ಣ. ಟೇಪ್ ಚಿಪ್ಪನ್ನು ಅರ್ಧ ಮಾತ್ರ ತೆಗೆದು ಮಡಚಿ ಇನ್ನರ್ಧ ಮಾಡಿದರೆ ಸಾಕಲ್ವಾ? ನಾವು ಸೀಟಿಗೆ ಹಾಗೇ ಮಾಡುತ್ತೇವೆ.

ಸಾಗರದ ಟೈಲರಕ್ಕ

ಸಾಕು. ಎಡ ಬಲ ಬೇರೆ ಬೇರೆ ತೆಗೆದರೆ ಎರಡೂ ಬೇರೆ ಥರ ಬರುತ್ತವೆ. ಕಣ್ಣಿಗೆ ಮೊದಲು ಕಾಣುವುದೇ ಅದು.

ರಂಪಿಗೆ

ಇಲ್ಲಿ ಒಪ್ಪುವುದಿಲ್ಲ ಅಕ್ಕ. ಬಟ್ಟೆ ಹೊಸದಾದರೆ ಮೈಯೂ ಹೊಸದೇನು? ಹಳೆ ಗಾಡಿ ಎಷ್ಟು ಸಲ ಬಿದ್ದಿದೆಯೋ, ಎಷ್ಟು ಸಲ ತಟ್ಟಿ ಪುಟ್ಟಿ ಹಾಕಿದ್ದಾರೋ. ಎಡ ಬಲ ಒಂದೇ ಇರುವುದಿಲ್ಲ. ಬೂಟಿನ ಅಚ್ಚಿಗೆ ನಾವು ಒಳಪಕ್ಕ, ಹೊರಪಕ್ಕ ಎರಡೂ ಟೇಪ್ ಹಾಕಿ ತೆಗೆಯುತ್ತೇವೆ. ಒಂದರ ಮೇಲೊಂದು ಇಟ್ಟು ವ್ಯತ್ಯಾಸ ನೋಡಿ ನಡುವಿನ ಗೆರೆ ಹಿಡಿಯುತ್ತೇವೆ.

ಸಾಗರದ ಟೈಲರಕ್ಕ

ಎರಡೂ ತೆಗೆದು ನಡುವಿನದು ಹಿಡಿಯುವುದಾದರೆ ಆಗಲಿ, ಕೊನೆಗೆ ಎರಡೂ ಕಡೆ ಒಂದೇ ಆಗುತ್ತದಲ್ಲ. ನಾನು ಬೇಡ ಅಂದಿದ್ದು ಎರಡನ್ನೂ ಬೇರೆ ಬೇರೆ ಹಾಗೇ ಬಿಡುವುದನ್ನು. ಬ್ಲೌಸಿನಲ್ಲಿ ಒಂದು ಭುಜ ಒಂದು ನೂಲು ತಗ್ಗಿದ್ದರೆ ಯಾರಿಗೂ ಅದು ಕಾಣುವುದಿಲ್ಲ. ಟಕ್ಸ್ ಒಂದು ನೂಲು ಆಚೀಚೆ ಆದರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ರಂಪಿಗೆ

ಹಾಗಾದರೆ ನಮ್ಮಿಬ್ಬರದೂ ಒಂದೇ ಮಾತು.

ತೀರ್ಥಹಳ್ಳಿ ಯೆಜ್ಡಿ

ಈ ಭಾನುವಾರ ಕೂತು ಮಾಡಿದೆ. ಫೆಲ್ಟ್ ಮೇಲೆ ಪ್ಲಾಸ್ಟಿಕ್, ಟೇಪ್ ಎರಡು ಪದರ. ಅಂಟಿಸಲು ಒಂದೂವರೆ ಗಂಟೆ. ಗೆರೆ ಹಾಕಿ ಕತ್ತರಿಸಿ ಮೇಜಿನ ಮೇಲೆ ಇಟ್ಟೆ. ನಡುವಿನ ಪಟ್ಟಿ ಹೆಚ್ಚುಕಮ್ಮಿ ತಾನಾಗಿ ಮಲಗಿತು. ಪಕ್ಕದ ತುಂಡುಗಳಲ್ಲಿ ಮೂತಿಯ ಹತ್ತಿರ ಕಚ್ಚು 7 ಮಿ.ಮೀ. ಬಾಯಿ ತೆರೆಯಿತು. ಮಂಡಿಯ ಹತ್ತಿರ ಟೇಪ್ ಮಡಿಕೆಯಾಗಿ ಒಂದರ ಮೇಲೊಂದು ಹತ್ತಿತು. ಮೇಷ್ಟ್ರು ಹೇಳಿದ ಕಂಚಿಕಾಯಿ ಸಿಪ್ಪೆ, ಹಪ್ಪಳ ಎರಡೂ ಒಂದೇ ತುಂಡಿನಲ್ಲಿ ಕಂಡವು!

ಎಡ ಬಲ ಒಂದರ ಮೇಲೊಂದು ಇಟ್ಟರೆ ಎಡಗಡೆ 3 ಮಿ.ಮೀ. ತಗ್ಗು. ಅಪ್ಪ ನೋಡಿ, ಮದುವೆಗೆ ಮೊದಲು ಮಾಳೂರಿನ ತಿರುವಿನಲ್ಲಿ ಗಾಡಿ ಆ ಕಡೆಗೇ ಬಿದ್ದಿತ್ತು ಅಂದರು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಈಗ ಏನು ಮಾಡಲಿ? ಮೂತಿಗೆ ಟಕ್ಸ್ ಹಿಡಿಯಲೋ, ಹೊಲಿಗೆ ಸರಿಸಲೋ?

ಸಾಗರದ ಟೈಲರಕ್ಕ

ಟಕ್ಸ್ ಬೇಡ, ಮೂತಿ ಎಲ್ಲರ ಕಣ್ಣಿಗೆ ಬೀಳುವ ಜಾಗ. ಭುಜದ ಹೊಲಿಗೆಯನ್ನು ಮುಂದೆ ಬರುವಾಗ ಎರಡು ಬೆರಳು ಕೆಳಕ್ಕೆ ಬಾಗಿಸಿ, ಉಬ್ಬಿನ ತುದಿಯ ಮೇಲೇ ಹೋಗುವ ಹಾಗೆ. ಆ 7 ಮಿ.ಮೀ. ಹೊಲಿಗೆಯೊಳಗೆ ಹಂಚಿಹೋಗುತ್ತದೆ.

ರಂಪಿಗೆ

ಮಂಡಿಯ ತಗ್ಗಿಗೆ ನನ್ನ ಮಾತು ಕೇಳಿ. ತಗ್ಗಿನ ತಳದವರೆಗೂ ಚರ್ಮ ಹೋಗುವುದು ಬೇಡ. ಎಳೆದಷ್ಟೂ ಅಲ್ಲಿ ಚರ್ಮ ಮೇಲೇಳುತ್ತದೆ, ಅಂಟಿಸದೆ ಕೂರುವುದಿಲ್ಲ. ತಗ್ಗು ಶುರುವಾಗುವ ಗೆರೆಯ ಮೇಲೇ ಕವರಿನ ಅಂಚು ನಿಲ್ಲಿಸಿ. ಬಕಲ್ ತಾಗುವುದು ಮೇಲೆ, ಹಿಂದೆ. ಮಂಡಿಗೆ ಚರ್ಮ ಯಾಕೆ?

ಗೆರೆ ಬದಲಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಸೇರಬೇಕಾದ ಎರಡು ಅಂಚುಗಳ ಮೇಲೆ ದಾರ ಇಟ್ಟು ಉದ್ದ ಅಳೆಯಿರಿ. ಒಂದು ಒಳಕ್ಕೆ ಬಾಗಿರುತ್ತದೆ, ಒಂದು ಹೊರಕ್ಕೆ. ಆಕಾರ ಬೇರೆಯಿದ್ದರೂ ಉದ್ದ ಒಂದೇ ಇರಬೇಕು. ಆಮೇಲೆ ಸುತ್ತ 8 ಮಿ.ಮೀ. ಹೊಲಿಗೆ ಜಾಗ ಸೇರಿಸಿ. ಪೆಟ್ರೋಲ್ ಮುಚ್ಚಳದ ತೂತನ್ನು ಈಗ ಕತ್ತರಿಸಬೇಡಿ. ಎಲ್ಲ ಹೊಲಿದು ಟ್ಯಾಂಕಿನ ಮೇಲೆ ಹಾಕಿ, ಪಟ್ಟಿ ಬಿಗಿದ ಮೇಲೆ ಮುಚ್ಚಳ ಎಲ್ಲಿ ಬರುತ್ತದೋ ಅಲ್ಲಿ ಗುರುತು ಮಾಡಿ. ಮತ್ತೆ, ಚರ್ಮ ಕತ್ತರಿಸುವ ಮೊದಲು ಹಳೆ ರೆಕ್ಸಿನ್ನಿನಲ್ಲಿ ಒಂದು ಮಾಡಿ ನೋಡಿ. ಅಷ್ಟೇ ದಪ್ಪದ್ದು ಇರಲಿ. ಹಳೆ ಸೀರೆಯಲ್ಲಿ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಆಟೋ ಕಾಂಪ್ಲೆಕ್ಸ್ ಹುಡುಗ

ರೆಕ್ಸಿನ್ ಚೂರು ನನ್ನ ಹತ್ತಿರ ಬೇಕಾದಷ್ಟು ಇದೆ. ಶಿವಮೊಗ್ಗಕ್ಕೆ ಬಂದರೆ ತಗೊಂಡು ಹೋಗಿ ಅಣ್ಣ, ದುಡ್ಡು ಬೇಡ. ದಪ್ಪ ಚರ್ಮ ಹೊಲಿಯುವ ಮಿಷನ್ ಕೂಡ ಇದೆ. ನನಗೂ ಆ ಟೇಪಿನ ಕೆಲಸ ನೋಡಬೇಕು.

ತೀರ್ಥಹಳ್ಳಿ ಯೆಜ್ಡಿ

ಹುಡುಗನ ಅಂಗಡಿಗೆ ಹೋಗಿದ್ದೆ. ರೆಕ್ಸಿನ್ನಿನಲ್ಲಿ ಮೊದಲು ಹೊಲಿದೆವು. ಮೂತಿ ಕೂತಿತು. ಬಲಗಡೆ ಹಿಂದೆ ಸ್ವಲ್ಪ ಜೋಲು ಇತ್ತು. ಗುರುತು ಸೇರಿಸಿ ನೋಡಿದರೆ ಹೊಲಿಯುವಾಗ ಒಂದು ಕಚ್ಚು ಮುಂದೆ ಸರಿದಿತ್ತು. ಬಿಚ್ಚಿ ಹೊಲಿದಾಗ ಸರಿಹೋಯಿತು. ಪ್ಯಾಟರ್ನಿನಲ್ಲಿ ತಪ್ಪಿರಲಿಲ್ಲ.

ನಿನ್ನೆ ಚರ್ಮ ಕತ್ತರಿಸಿದೆವು. ಬೆನ್ನಿನ ಉದ್ದ ಮುಂದಿನಿಂದ ಹಿಂದಕ್ಕೆ, ಪಕ್ಕದ ತುಂಡುಗಳು ಜೋಡಿಯಾಗಿ. ಹೊಲಿಗೆ ಜಾಗವನ್ನು ಚರ್ಮ ಕೆತ್ತುವ ಉಳಿಯಿಂದ (ರಂಪಿಗೆ) ತೆಳುವಾಗಿ ಕೆತ್ತಿ, ಕಂದು ಬಣ್ಣದ ಪೈಪಿಂಗ್ ಕೊಟ್ಟೆವು. ಟ್ಯಾಂಕಿಗೆ ಹಾಕಿ ಪಟ್ಟಿ ಬಿಗಿದಾಗ ಒಂದು ಸುಕ್ಕೂ ಇಲ್ಲ. ಕೈಯಾಡಿಸಿದರೆ ಎಲ್ಲಿಯೂ ಪೊಳ್ಳು ಇಲ್ಲ. ಮುಚ್ಚಳದ ತೂತನ್ನು ಕೊನೆಗೆ ಕತ್ತರಿಸಿದೆ, ಸುತ್ತಲೂ ಒಂದೇ ಸಮ ಅಂತರ ಬಂತು. ಅಪ್ಪ ಗಾಡಿಯ ಸುತ್ತ ಎರಡು ಸಲ ಬಂದು, ಎಡಗಡೆ ಬಿದ್ದ ಜಾಗವನ್ನು ಚರ್ಮದ ಮೇಲಿಂದ ಮುಟ್ಟಿ ನೋಡಿದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಸಾಗರದ ಟೈಲರಕ್ಕ

ಫೋಟೋ ಹಾಕಿ! ಹೊಲಿಗೆ ಮೂತಿಯಲ್ಲಿ ಎಲ್ಲಿ ಬಾಗಿದೆ ನೋಡಬೇಕು.

ಕೊಪ್ಪದವ

ಜೂನ್ ಒಂದಕ್ಕೆ ಬಿಚ್ಚಿಡಿ.

ಭದ್ರಾವತಿ ಸ್ಕ್ವೇರ್ ಕಟ್

ನನ್ನದೂ ಯೆಜ್ಡಿಯೇ. ಆ ಪ್ಯಾಟರ್ನನ್ನು ಪೇಪರ್ ಮೇಲೆ ಬರೆದು ಕಳಿಸುತ್ತೀರಾ? ಅದನ್ನೇ ಇಟ್ಟು ಕತ್ತರಿಸುತ್ತೇನೆ.

ತೀರ್ಥಹಳ್ಳಿ ಯೆಜ್ಡಿ

ಖಂಡಿತ ಕಳಿಸುತ್ತೇನೆ. ಆದರೆ ಅದರಲ್ಲಿ ಎಡಗಡೆಗೆ ಅಪ್ಪ ಬಿದ್ದ 3 ಮಿ.ಮೀ.ಯ ಪಾಲೂ ಸೇರಿದೆ. ನಿಮ್ಮ ಟ್ಯಾಂಕಿಗೆ ಮೊದಲು ಟೇಪ್ ಹಾಕಿ. ಎರಡು ಸುರುಳಿ ಸಾಕಾಗುತ್ತದೆ.